ಬೆಳಗಿನ ಹೊಗೆ, ಸಂತೆದಿನದ ಘಾಟು

ಪ್ರಶ್ನೆ: ದಿನಾ ಬೆಳಿಗ್ಗೆ ಐದೂವರೆಗೆ ವಾಕಿಂಗ್ ಹೋಗುತ್ತೇನೆ. ಮಳೆಗಾಲದಲ್ಲಿ ಏನೂ ತೊಂದರೆಯಿಲ್ಲ. ದೀಪಾವಳಿ ಕಳೆದು ಚಳಿ ಬಿತ್ತೆಂದರೆ ಹೊಲಗಳ ಮೇಲೆ ಹೊಗೆ ಚಾಪೆ ಹಾಸಿದಂತೆ ನಿಂತಿರುತ್ತದೆ, ನನಗೆ ಎದೆ ಬಿಗಿಯುತ್ತದೆ. ಬೆಳಗಿನ ಗಾಳಿ ಶುದ್ಧವೆಂದು ಮಕ್ಕಳಿಗೆ ಪಾಠ ಹೇಳಿದವನು ನಾನು. ಇದು ಹೃದಯದ ತೊಂದರೆಯೇ?
– ನಿವೃತ್ತ ಶಿಕ್ಷಕರು, ರಾಣೆಬೆನ್ನೂರು

ಉತ್ತರ: ಮಳೆಗಾಲದಲ್ಲಿ ಆರಾಮಾಗಿ ನಡೆಯುತ್ತೀರಿ ಎಂಬುದು ಒಳ್ಳೆಯ ಲಕ್ಷಣ. ಆದರೂ ನಿಮ್ಮ ವಯಸ್ಸಿನಲ್ಲಿ ನಡೆಯುವಾಗ ಎದೆ ಬಿಗಿದರೆ ಊಹೆ ಮಾಡುತ್ತ ಕೂರಬಾರದು. ಈ ವಾರವೇ ಇಸಿಜಿ (ಹೃದಯದ ಬಡಿತದ ನಕ್ಷೆ) ಮಾಡಿಸಿ. ಅಲ್ಲಿಯವರೆಗೆ ವಾಕಿಂಗ್ ಬೇಡ. ಬಿಗಿತ ಕೈಗೋ ದವಡೆಗೋ ಹರಡಿದರೆ, ಬೆವರು ಬಂದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ.

ಇನ್ನು ನಿಮ್ಮ ಪಾಠದ ವಿಚಾರ. ಅದು ಆಷಾಢಕ್ಕೆ ಸರಿ, ಮಾರ್ಗಶಿರಕ್ಕೆ ತಪ್ಪು! ಹಗಲಲ್ಲಿ ಕಾದ ನೆಲ ಗಾಳಿಯನ್ನು ಮೇಲಕ್ಕೆ ಎತ್ತುತ್ತದೆ, ಹೊಗೆಯೂ ಜೊತೆಗೆ ಏರಿ ಚದುರುತ್ತದೆ. ಚಳಿಗಾಲದ ಮೋಡವಿಲ್ಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗುತ್ತದೆ. ಬೆಚ್ಚಗಿನ ಗಾಳಿ ಮೇಲೆಯೇ ಉಳಿದು ಮುಚ್ಚಳದಂತೆ ಕೂರುತ್ತದೆ. ಇದಕ್ಕೆ ಉಷ್ಣತಾ ವಿಲೋಮ (ಕೆಳಗೆ ತಂಪು, ಮೇಲೆ ಬಿಸಿ ಇರುವ ಉಲ್ಟಾ ಸ್ಥಿತಿ) ಎನ್ನುತ್ತಾರೆ. ಕೊಯ್ಲಾದ ಗೋವಿನಜೋಳದ ದಂಟಿಗೆ ಇಟ್ಟ ಬೆಂಕಿ, ಬಚ್ಚಲೊಲೆ, ಕಸದ ಗುಡ್ಡೆ, ಹೆದ್ದಾರಿ 48ರ ಲಾರಿ ಎಲ್ಲದರ ಹೊಗೆಯೂ ಆ ಮುಚ್ಚಳದ ಕೆಳಗೇ ಸುತ್ತುತ್ತದೆ.

ಹಾಗೆಂದು ಗಾಬರಿ ಬೇಡ. ದೆಹಲಿಗೆ ಬಡಗಣದಲ್ಲಿ ಹಿಮಾಲಯದ ಗೋಡೆಯಿದೆ. ನಿಮ್ಮದು ಬಯಲು. ಬಿಸಿಲೇರಿದಂತೆ ಮುಚ್ಚಳ ಒಡೆಯುತ್ತದೆ, ಒಂಬತ್ತರ ಹೊತ್ತಿಗೆ ಹೊಗೆ ಬಹುಮಟ್ಟಿಗೆ ಚದುರಿರುತ್ತದೆ. ಮುಂಗಾರಿನಲ್ಲಂತೂ ಸಹ್ಯಾದ್ರಿ ದಾಟಿ ಬರುವ ಪಡುವಣ ಗಾಳಿ, ಮಳೆ ಎರಡೂ ಸೇರಿ ಆಕಾಶ ತೊಳೆದುಬಿಡುತ್ತವೆ.

ವೈದ್ಯರು ಒಪ್ಪಿದ ಮೇಲೆ, ನವೆಂಬರಿನಿಂದ ಫೆಬ್ರವರಿವರೆಗೆ ವಾಕಿಂಗನ್ನು ಸಂಜೆ ನಾಲ್ಕೂವರೆಗೆ ಬದಲಿಸಿ. ಬೆಳಿಗ್ಗೆಯೇ ಹೋಗಬೇಕೆಂದರೆ ಮೊದಲು ಅಕ್ಕಪಕ್ಕದ ಮನೆಯ ಬಚ್ಚಲೊಲೆಯ ಹೊಗೆ ನೋಡಿ. ನೆಟ್ಟಗೆ ಏರಿ ಮಾಯವಾಗುತ್ತಿದ್ದರೆ ಹೊರಡಿ. ಮಾಳಿಗೆಯ ಮಟ್ಟಕ್ಕೆ ಏರಿ, ತಲೆಗೆ ಏನೋ ತಾಗಿದಂತೆ ಬಾಗಿ ಅಡ್ಡಡ್ಡ ಹರಿಯುತ್ತಿದ್ದರೆ ಚಹಾ ಕುಡಿದು ಪೇಪರ್ ಓದಿ. ಯಾವ ಯಂತ್ರಕ್ಕಿಂತಲೂ ನನಗೆ ಈ ಪರೀಕ್ಷೆಯ ಮೇಲೆ ನಂಬಿಕೆ ಹೆಚ್ಚು.

ಪ್ರಶ್ನೆ: ಮೊಬೈಲಿನಲ್ಲಿ ನಮ್ಮೂರ ಗಾಳಿಯ ಅಂಕಿ ಒಂದು ದಿನ 45, ಇನ್ನೊಂದು ದಿನ 90. ನಾವೂ ದೆಹಲಿಯಾಗುತ್ತಿದ್ದೇವೆಯೇ?
– ಓದುಗರು, ಹಾವೇರಿ

ಉತ್ತರ: ಇಲ್ಲ. ವಾಯು ಗುಣಮಟ್ಟ ಸೂಚ್ಯಂಕದಲ್ಲಿ (ಗಾಳಿ ಎಷ್ಟು ಕೆಟ್ಟಿದೆ ಎಂದು ಒಂದೇ ಅಂಕಿಯಲ್ಲಿ ಹೇಳುವ ಲೆಕ್ಕ) 50ರವರೆಗೆ ಉತ್ತಮ, 100ರವರೆಗೆ ತೃಪ್ತಿಕರ. ಆದರೆ ‘ತೃಪ್ತಿಕರ’ ಎಂಬ ಪದಕ್ಕೆ ಪೂರ್ತಿ ಮೈಮರೆಯಬೇಡಿ. ಪಿ.ಎಂ. 2.5ಕ್ಕೆ (ಕೂದಲೆಳೆಯ ದಪ್ಪದ ಸುಮಾರು ಮೂವತ್ತನೆಯ ಒಂದು ಪಾಲಿನ ಕಣ) ನಮ್ಮ ದೇಶದ ದಿನದ ಮಿತಿ ಒಂದು ಘನ ಮೀಟರ್ ಗಾಳಿಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಅಂಕಿ 90ರ ಆಸುಪಾಸಿನಲ್ಲಿದ್ದಾಗ ಉಬ್ಬಸ ಇರುವವರು ದೂಳಿನ ರಸ್ತೆಯಲ್ಲಿ ಓಡದಿದ್ದರೆ ಸಾಕು.

ಪ್ರಶ್ನೆ: ಮಾರುಕಟ್ಟೆಯ ಹತ್ತಿರವೇ ನಮ್ಮ ಮನೆ. ಮೆಣಸಿನಕಾಯಿ ಆವಕ ಜೋರಾದರೆ ಆರು ವರ್ಷದ ಮಗ ಕೆಮ್ಮಿ ಕೆಮ್ಮಿ ಸುಸ್ತಾಗುತ್ತಾನೆ. ಪುಪ್ಪುಸ ಹಾಳಾದೀತೇ? ಊರು ಬಿಡಬೇಕೇ?
– ಒಬ್ಬ ತಾಯಿ, ಬ್ಯಾಡಗಿ

ಉತ್ತರ: ಮಗು ಕೆಮ್ಮುವುದನ್ನು ನೋಡುತ್ತ ಕೂರುವುದು ಕಷ್ಟ, ನನಗೆ ಗೊತ್ತು. ಆದರೆ ಘಾಟಿಗೆ ಬರುವ ಕೆಮ್ಮು ಅಂದರೇ ಪುಪ್ಪುಸ ಹಾಳಾಗುತ್ತಿದೆ ಎಂದಲ್ಲ. ಕ್ಯಾಪ್ಸೈಸಿನ್ (ಮೆಣಸಿನಕಾಯಿಯ ಖಾರದ ಅಂಶ) ಗಂಟಲಿನ ನರವನ್ನು ಕೆಣಕುತ್ತದೆ, ಬಂದದ್ದನ್ನು ದೇಹ ಹೊರಗೆ ತಳ್ಳುತ್ತದೆ. ನಿಮ್ಮೂರ ಕಾಯಿ ಹೆಸರಾದದ್ದು ಬಣ್ಣಕ್ಕೆ, ಖಾರಕ್ಕಲ್ಲ. ಆದರೆ ಚೀಲಗಟ್ಟಲೆ ಸುರಿದು ತುಂಬುವಾಗ ಏಳುವ ಪುಡಿಗೆ ಆ ಸೌಜನ್ಯವಿಲ್ಲ. ಫೆಬ್ರವರಿ, ಮಾರ್ಚಿನಲ್ಲಿ ನೆಲ ಒಣಗಿ, ಮಳೆಯೂ ಇಲ್ಲದೆ ಆ ಪುಡಿ ಕೂತಲ್ಲಿಂದ ಮತ್ತೆ ಮತ್ತೆ ಏಳುತ್ತದೆ.

ಊರು ಬಿಡುವ ಮಾತು ಈಗಲೇ ಬೇಡ. ಟೆಂಡರ್ ನಡೆಯುವ ಸೋಮವಾರ, ಗುರುವಾರ ಮಾರುಕಟ್ಟೆ ಕಡೆಯ ಕಿಟಕಿ ಮುಚ್ಚಿ. ಕಸಬರಿಗೆ ಬಿಟ್ಟು ಒದ್ದೆ ಬಟ್ಟೆಯಿಂದ ನೆಲ ಒರೆಸಿ. ಮನೆಯಲ್ಲಿ ಯಾರಾದರೂ ಮಂಡಿಯಲ್ಲಿ ದುಡಿಯುವವರಿದ್ದರೆ ಅಂಗಿ ಬದಲಿಸಿ, ಕೈಕಾಲು ತೊಳೆದ ಮೇಲೆಯೇ ಮಗುವನ್ನು ಎತ್ತಿಕೊಳ್ಳಲಿ. ಕೆಮ್ಮಿಗೆಂದು ಲೋಬಾನದ ಹೊಗೆ ಹಾಕಬೇಡಿ. ಅದು ಗಾಯಕ್ಕೆ ಉಪ್ಪು.

ರಾತ್ರಿ ನಿದ್ದೆಗೆಡಿಸುವ ಕೆಮ್ಮು, ಸುಯ್‌ಗುಟ್ಟುವ ಉಸಿರು ಇದ್ದರೆ ಅದು ಬರೀ ಘಾಟಲ್ಲ, ಉಬ್ಬಸ (ಉಸಿರಿನ ಕೊಳವೆ ಬಿಗಿಯುವ ಕಾಯಿಲೆ) ಇರಬಹುದು. ಮಕ್ಕಳ ವೈದ್ಯರಿಗೆ ತೋರಿಸಿ. ಉಸಿರೆಳೆಯುವಾಗ ಪಕ್ಕೆಲುಬಿನ ಸಂದು ಒಳಗೆ ಸೆಳೆಯುತ್ತಿದ್ದರೆ ಬೆಳಗಾಗುವವರೆಗೆ ಕಾಯಬೇಡಿ. ಅವರು ಇನ್‌ಹೇಲರ್ (ಔಷಧಿಯನ್ನು ಉಸಿರಿನೊಂದಿಗೆ ಒಳಗೆಳೆಯುವ ಸಾಧನ) ಬರೆದುಕೊಟ್ಟರೆ ‘ಚಟವಾಗುತ್ತದೆ’ ಎಂಬ ಮಾತಿಗೆ ಹೆದರಬೇಡಿ, ಆಗುವುದಿಲ್ಲ. ಹೋಗುವ ಮುಂಚೆ ಎರಡು ವಾರ, ಕೆಮ್ಮಿದ ದಿನಗಳನ್ನೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ನಿನಿಂದ ಸುತ್ತು ಹಾಕಿಡಿ. ಸುತ್ತುಗಳು ಸೋಮವಾರ, ಗುರುವಾರಕ್ಕೇ ಗುಂಪುಗೂಡಿವೆಯೋ, ಭಾನುವಾರವೂ ಇವೆಯೋ ಎಂದು ವೈದ್ಯರು ಮೊದಲು ನೋಡುವುದು ಅದನ್ನೇ.