ಟಾಕ್ಲಿಯ ಕಲ್ಲು, ಬೈಕಲ್‌ನ ನೀರು

ಪ್ರಶ್ನೆ: ಟಾಕ್ಲಿ ಕಡೆ ಪಾಯ ತೋಡುವಾಗ ಎದ್ದ ಕಲ್ಲೊಂದರಲ್ಲಿ ರಾಗಿಕಾಳಿನಷ್ಟು ಸಣ್ಣ, ನುಣುಪಾದ ಉಬ್ಬುಗಳು ಒತ್ತೊತ್ತಾಗಿವೆ. ಮೊಮ್ಮಗ ಬೀಜ ಅನ್ನುತ್ತಾನೆ. ಏನಿರಬಹುದು?
– ನಿವೃತ್ತ ರೈಲ್ವೆ ನೌಕರರು, ನಾಗಪುರ

ಉತ್ತರ: ಕಲ್ಲು ನೋಡದೆ ಖಚಿತವಾಗಿ ಹೇಳಲಾರೆ. ಆದರೆ ಸಿಕ್ಕಿದ್ದು ಟಾಕ್ಲಿಯಲ್ಲಿ ಅಂದಮೇಲೆ ಅವು ಆಸ್ಟ್ರಕಾಡ್‌ಗಳ ಪಳೆಯುಳಿಕೆ ಇರಬಹುದು. ಸಿಗಡಿ, ಏಡಿಗಳ ಬಳಗದ ಈ ಜೀವಿ ಎರಡು ಸುಣ್ಣದ ಚಿಪ್ಪುಗಳ ನಡುವೆ ಬಾಳುತ್ತದೆ. ಬೆಳೆಯುತ್ತ ಸಾಮಾನ್ಯವಾಗಿ ಎಂಟು ಸಲ ಚಿಪ್ಪು ಬದಲಿಸುವುದರಿಂದ ಒಂದೇ ಜೀವಿಯ ಹಲವು ಚಿಪ್ಪುಗಳು ಕೆಸರಿಗೆ ಸೇರುತ್ತವೆ. ನೀವು ಕಂಡ ಒತ್ತಣೆಗೆ ಅದೂ ಒಂದು ಕಾರಣ.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ ಲಾವಾ ಹರಿದು, ತಣಿದು, ಮತ್ತೆ ಹರಿಯುವ ನಡುವಿನ ಬಿಡುವಿನಲ್ಲಿ ಇಲ್ಲಿ ಕೆರೆಗಳು ನಿಂತಿದ್ದವು. ಮುಂದಿನ ಲಾವಾ ಅವನ್ನು ಮುಚ್ಚಿತು. 1845ರಲ್ಲಿ ನಾಗಪುರಕ್ಕೆ ಬಂದ ಪಾದ್ರಿ ಸ್ಟೀಫನ್ ಹಿಸ್ಲಾಪ್ ಟಾಕ್ಲಿಯಲ್ಲಿ ಇಂಥ ಕಲ್ಲುಗಳನ್ನು ಕಲೆಹಾಕಿದರು; ನಿಮ್ಮೂರಿನ ಹಿಸ್ಲಾಪ್ ಕಾಲೇಜು ಅವರ ಹೆಸರಿನದೇ. ನಾಗಪುರದ ಆಸ್ಟ್ರಕಾಡ್‌ಗಳ ಬಗ್ಗೆ ರೂಪರ್ಟ್ ಜೋನ್ಸ್ 1860ರಲ್ಲಿ ಬರೆದರು. ನಮ್ಮ ಗುರುಮಠಕಲ್ಲಿನಲ್ಲೂ ಲಾವಾ ಪದರಗಳ ನಡುವೆ ಇವು ಸಿಕ್ಕಿವೆ.

ಪ್ರಶ್ನೆ: ರಷ್ಯಾದ ಬೈಕಲ್ ಸರೋವರವೊಂದರಲ್ಲೇ ಸಿಗಡಿಯಂಥ ಜೀವಿಗಳು ಮುನ್ನೂರಕ್ಕೂ ಹೆಚ್ಚು ಬಗೆ ಇವೆಯಂತೆ. ನಮ್ಮ ಟಾಕ್ಲಿ ಬೈಕಲ್‌ಗಿಂತ ಹಳೆಯದು. ಇಲ್ಲೇಕೆ ಹಾಗಾಗಲಿಲ್ಲ?
– ಬಿ.ಎಸ್‌ಸಿ. ವಿದ್ಯಾರ್ಥಿನಿ, ಧರಂಪೇಠ

ಉತ್ತರ: ಕೆರೆ ಎಷ್ಟು ಹಿಂದಿನದು ಅನ್ನುವುದಕ್ಕಿಂತ ಎಷ್ಟು ಕಾಲ ಬತ್ತದೆ ಉಳಿಯಿತು ಅನ್ನುವುದು ಮುಖ್ಯ. ಟಾಕ್ಲಿಯ ಕೆರೆಗಳು ಅಲ್ಪಾಯುಷಿಗಳು. ಬೈಕಲ್ ಸುಮಾರು 2.5 ಕೋಟಿ ವರ್ಷಗಳಿಂದ ಇದೆ. ಆಳ 1,642 ಮೀಟರ್, ತಳದವರೆಗೂ ಆಮ್ಲಜನಕವಿದೆ. ದಡದ ಬಂಡೆ, ನಡುನೀರು, ಕತ್ತಲ ತಳ – ಒಂದೊಂದರಲ್ಲೂ ಬೇರೆ ಬೇರೆ ಪ್ರಭೇದಗಳು ನೆಲೆಯೂರಲು ಪುರುಸೊತ್ತಿತ್ತು.

ಸಂತಾನದ ರೀತಿಯೂ ಲೆಕ್ಕಕ್ಕೆ ಬರುತ್ತದೆ. ಬೈಕಲ್‌ನ ಆ ಜೀವಿಗಳು ಆಂಫಿಪಾಡ್‌ಗಳು. ತಾಯಿ ಮೊಟ್ಟೆಗಳನ್ನು ಹೊಟ್ಟೆಯಡಿಯ ಚೀಲದಲ್ಲೇ ಹೊತ್ತಿರುತ್ತಾಳೆ. ಮರಿಗಳು ದೂರ ಹೋಗುವುದಿಲ್ಲ. ಹೀಗಾಗಿ ಒಂದೊಂದು ದಡದ ವಂಶವಾಹಿಗಳೂ ತಮ್ಮಷ್ಟಕ್ಕೆ ಬದಲಾಗುತ್ತ ಹೋಗುತ್ತವೆ. ಯೂಲಿಮ್ನೊಗ್ಯಾಮರಸ್ ವೆರುಕೋಸಸ್ ಎಂಬ ಆಂಫಿಪಾಡ್ ನೋಡಲು ಎಲ್ಲ ಕಡೆ ಒಂದೇ ಥರ. ಡಿಎನ್‌ಎ ನೋಡಿದರೆ, ಅಂಗಾರಾ ನದಿ ಹೊರಹರಿಯುವ ಜಾಗದ ಆಚೀಚೆಯವು ಬೇರೆ ಬೇರೆ ಕವಲುಗಳು.

ಟಾಕ್ಲಿಯಲ್ಲಿದ್ದವು ಹೆಚ್ಚಾಗಿ ಸಿಪ್ರಿಸ್ ಗುಂಪಿನ ಆಸ್ಟ್ರಕಾಡ್‌ಗಳು. ಈ ಗುಂಪಿನ ಇಂದಿನ ಹಲವು ಜೀವಿಗಳ ಮೊಟ್ಟೆ ನೀರು ಬತ್ತಿದರೂ ಸಾಯುವುದಿಲ್ಲ. ಗಾಳಿಯಲ್ಲಿ, ಹಕ್ಕಿಯ ಕಾಲಿನ ಕೆಸರಿನಲ್ಲಿ ಊರೂರು ತಿರುಗುತ್ತದೆ. ಕೆಲವಕ್ಕೆ ಗಂಡಿನ ಹಂಗೂ ಇಲ್ಲ. ಒಂದು ಹೆಣ್ಣು ತಲುಪಿದರೆ ಸಾಕು, ಹೊಸ ಹೊಂಡ ತುಂಬುತ್ತದೆ. ಲಾವಾ ನಡುವೆ ಹುಟ್ಟಿ ಅಳಿಯುವ ಕೆರೆಗಳಿಗೆ ಹೇಳಿಮಾಡಿಸಿದ ಬಾಳು ಇದು. ದೂರದೂರದ ಲಾವಾ ಕೆರೆಗಳಲ್ಲಿ ಅವೇ ಪ್ರಭೇದಗಳು ಮತ್ತೆ ಮತ್ತೆ ಕಾಣುವುದಕ್ಕೆ ಈ ಅಲೆದಾಟವೇ ಕಾರಣವಿರಬೇಕು.

ಪ್ರಶ್ನೆ: ಟಾಕ್ಲಿಯ ಚಿಪ್ಪಿನಿಂದ ಡಿಎನ್‌ಎ ತೆಗೆಯಬಹುದೆ? ಕಲ್ಲನ್ನು ಎಲ್ಲಿ ತೋರಿಸಬೇಕು?
– ಪ್ರೌಢಶಾಲಾ ಶಿಕ್ಷಕರು, ಸೀತಾಬರ್ಡಿ

ಉತ್ತರ: ತೆಗೆಯಲಾಗದು. ಈವರೆಗೆ ಓದಲಾದ ಅತಿ ಹಳೆಯ ಡಿಎನ್‌ಎ ಗ್ರೀನ್‌ಲ್ಯಾಂಡಿನ ಹೆಪ್ಪುಗಟ್ಟಿದ ನೆಲದ್ದು, ಸುಮಾರು 20 ಲಕ್ಷ ವರ್ಷದ್ದು. 6.6 ಕೋಟಿ ವರ್ಷದ ಚಿಪ್ಪಿನಲ್ಲಿ ಆಕಾರವಷ್ಟೇ ಉಳಿದಿದೆ. ವಂಶವಾಹಿಗಳ ಕತೆ ಬೇಕಿದ್ದರೆ ಇಂದು ಬದುಕಿರುವ ಅವುಗಳ ಬಂಧುಗಳನ್ನೇ ನೋಡಬೇಕು.

ಕಲ್ಲನ್ನು ಒಡೆಯಬೇಡಿ, ಆಮ್ಲ ಹಾಕಬೇಡಿ. ಸಿಕ್ಕ ಜಾಗ, ಆಳ ಬರೆದಿಟ್ಟು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ. ಸೆಮಿನರಿ ಹಿಲ್ಸ್‌ನಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಪ್ರಾದೇಶಿಕ ಕಚೇರಿ ಇದೆ, ಅಲ್ಲಿ ವಿಚಾರಿಸಿ. ಮಕ್ಕಳಿಗೆ ಜೀವಂತ ಆಸ್ಟ್ರಕಾಡ್ ತೋರಿಸಬೇಕೆ? ಮಳೆಗಾಲದ ಹೊಂಡದ ನೀರನ್ನು ಬಿಳಿ ತಟ್ಟೆಗೆ ಸುರಿದು, ಹತ್ತುಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ನೋಡಿ. ಚಿಪ್ಪು ಹೊತ್ತು ಸರಸರನೆ ಓಡಾಡುವ ಚುಕ್ಕೆಗಳು ಕಂಡರೆ ಅವೇ.