'ಬೇಗ' ಬದಲಾಗದು, 'ಫಾಸ್ಟ್' ಬದಲಾಗುತ್ತದೆ

ಕನ್ನಡದಲ್ಲಿ ಹೋಲಿಕೆಯ ಭಾರವನ್ನೆಲ್ಲ 'ಗಿಂತ' ಹೊರುತ್ತದೆ. 'ಎತ್ತಿಗಿಂತ ಟ್ರ್ಯಾಕ್ಟರ್ ಬೇಗ ರಂಟೆ ಹೊಡೆಯುತ್ತದೆ' ಎನ್ನುವಾಗ 'ಬೇಗ' ಇದ್ದಂತೆಯೇ ಇರುತ್ತದೆ. ಇಂಗ್ಲಿಷ್‌ನಲ್ಲಿ ಕ್ರಿಯಾವಿಶೇಷಣವೇ ರೂಪ ಬದಲಿಸುತ್ತದೆ, ಜೊತೆಗೆ 'ದ್ಯಾನ್' ಬರುತ್ತದೆ. ಕನ್ನಡ ಮಾಧ್ಯಮದ ಮಕ್ಕಳು ಎಡವುವುದು ಇಲ್ಲೇ.

ಫಾಸ್ಟ್, ಹಾರ್ಡ್, ಸೂನ್‌ನಂಥ ಚಿಕ್ಕ ಪದಗಳು ಕೊನೆಗೆ 'ಅರ್' ಹಚ್ಚಿಕೊಳ್ಳುತ್ತವೆ: ಫಾಸ್ಟರ್, ಹಾರ್ಡರ್, ಸೂನರ್. 'ಲಿ'ಯಿಂದ ಮುಗಿಯುವ ಸ್ಲೋಲಿ, ಹೆವಿಲಿಗಳಿಗೆ ಮುಂದೆ 'ಮೋರ್' ಬೇಕು. ನವಲಗುಂದದ ಎರೆ ಸೀಮೆಗಿಂತ ಮಲೆನಾಡಿನ ಅಂಚಿನ ಕಲಘಟಗಿಯಲ್ಲಿ ಮಳೆ ಜೋರು. ಅದನ್ನು 'ಇಟ್ ರೇನ್ಸ್ ಮೋರ್ ಹೆವಿಲಿ ಇನ್ ಕಲಘಟಗಿ ದ್ಯಾನ್ ಇನ್ ನವಲಗುಂದ' ಎನ್ನಬೇಕು. 'ಅರ್ಲಿ'ಯಲ್ಲಿ 'ಲಿ' ಇದ್ದರೂ ಅದು 'ಅರ್ಲಿಯರ್' ಆಗುತ್ತದೆ. 'ವೆಲ್' ಬೆಟರ್ ಆಗುವುದನ್ನೂ 'ಬ್ಯಾಡ್ಲಿ' ವರ್ಸ್ ಆಗುವುದನ್ನೂ ಬಾಯಿಪಾಠ ಮಾಡುವುದೇ ದಾರಿ.

'ಇನ್ನೂ ಬೇಗ' ಎನ್ನುವ ರೂಢಿಯಿಂದ 'ಮೋರ್ ಫಾಸ್ಟರ್' ಎಂದು ಬರೆದುಬಿಡುವುದು ತೀರಾ ಸಾಮಾನ್ಯ. ಹೋಲಿಕೆಯ ಗುರುತು ಒಂದೇ ಸಾಕು. ಒತ್ತು ಬೇಕಾದರೆ 'ಮಚ್ ಫಾಸ್ಟರ್' ಸರಿ. ಇದಕ್ಕಿಂತ ಸೂಕ್ಷ್ಮವಾದ ತೊಡಕು 'ಎಲ್ಲರಿಗಿಂತ ಬೇಗ' ಎಂಬುದರದು. ಕನ್ನಡ ಇಲ್ಲಿಯೂ 'ಗಿಂತ'ವನ್ನೇ ಬಳಸುತ್ತದೆ. ಆದ್ದರಿಂದ 'ಫಾಸ್ಟರ್ ದ್ಯಾನ್ ಆಲ್' ಎಂದು ಬರೆಯಲು ಕೈ ಹೋಗುತ್ತದೆ. ಗುಂಪಿನಲ್ಲಿ ಮುಂದಿರುವವರ ಓಟಕ್ಕೆ 'ಫಾಸ್ಟೆಸ್ಟ್ ಆಫ್ ಆಲ್' ಎನ್ನಬೇಕು. ಇಬ್ಬರೂ ಸಮವಾಗಿ ಓಡಿದರೆ 'ಆ್ಯಸ್ ಫಾಸ್ಟ್ ಆ್ಯಸ್'. ಅಲ್ಲಿ 'ಅರ್' ಹಚ್ಚುವಂತಿಲ್ಲ.