ಮಕ್ಕಳ ಕೈಗೊಂದು ಪಟ್ಟಿ, ಘಟಪ್ರಭೆಯ ದಂಡೆಯಲ್ಲಿ ಎರಡು ದಿನ

ರಜೆ ಬಂತೆಂದರೆ ಮಕ್ಕಳನ್ನು ದೂರದೂರಿಗೆ ಕರೆದೊಯ್ಯುವ ಯೋಚನೆಯೇ ಮೊದಲು ಬರುತ್ತದೆ. ಆದರೆ ಹುಕ್ಕೇರಿ, ಗೋಕಾಕ, ಮೂಡಲಗಿ ತಾಲೂಕುಗಳೊಳಗೇ ಎರಡು ದಿನಕ್ಕೆ ಸಾಕಾಗಿ ಮಿಗುವಷ್ಟಿದೆ: ಜಲಾಶಯ, ಜಲಪಾತ, ಹಳೆಯ ಗುಡಿಗಳು, ಹೊರದೇಶದ ಹಕ್ಕಿಗಳು, ಬಣ್ಣದ ಆಟಿಕೆ, ಕರದಂಟು, ಜೊತೆಗೆ ಜ್ಞಾನಪೀಠ ಪಡೆದ ಕವಿಯ ಹುಟ್ಟೂರು. ಘಟಪ್ರಭಾ ನದಿಯ ಜಾಡು ಹಿಡಿದು ಹೊರಟರೆ ಇವೆಲ್ಲ ಒಂದೊಂದಾಗಿ ಎದುರಾಗುತ್ತವೆ.

ಐತಿಹಾಸಿಕ ಸ್ಥಳಗಳಲ್ಲಿ ಮಕ್ಕಳಿಗೆ ಬೇಸರವಾಗುವುದು ಅಲ್ಲಿ ಅವರಿಗೆ ಮಾಡಲು ಏನೂ ಇಲ್ಲದಿದ್ದಾಗ. ಯುರೋಪಿನ ಹಳೆಯ ನಗರಗಳ ಎಷ್ಟೋ ವಸ್ತುಸಂಗ್ರಹಾಲಯಗಳು ಇದನ್ನು ಅರಿತು, ಒಳಗೆ ಬರುವ ಮಕ್ಕಳಿಗೆ ‘ಇದನ್ನು ಹುಡುಕು, ಅದನ್ನು ಬಿಡಿಸು’ ಎಂಬ ಹಾಳೆ ಕೊಡುತ್ತವೆ. ಅಂಥ ಹಾಳೆಯನ್ನು ನಾವು ಮನೆಯಲ್ಲೇ ಮಾಡಿಕೊಳ್ಳಬಹುದು.

ಹಂತ 1: ಹೊರಡುವ ಮುನ್ನ

ಅಕ್ಟೋಬರ್ ಕೊನೆಯಿಂದ ಜನವರಿವರೆಗಿನ ಸಮಯ ಮಕ್ಕಳಿಗೆ ಹಿತ. ಮಳೆಗಾಲದಲ್ಲಿ ಜಲಪಾತ ತುಂಬಿ ಧುಮ್ಮಿಕ್ಕುತ್ತದೆ ನಿಜ, ಆದರೆ ಬಂಡೆಗಳು ಜಾರುತ್ತವೆ, ನದಿಯ ಮಟ್ಟ ಒಮ್ಮೆಲೇ ಏರುತ್ತದೆ. 2019ರ ಆಗಸ್ಟ್‌ನ ಪ್ರವಾಹವನ್ನು ಗೋಕಾಕದ ಜನ ಇನ್ನೂ ಮರೆತಿಲ್ಲ.

ರೈಲಿನಲ್ಲಿ ಬರುವವರಿಗೆ ಬೆಳಗಾವಿ–ಮೀರಜ್ ಮಾರ್ಗದ ಘಟಪ್ರಭಾ ನಿಲ್ದಾಣ ಅನುಕೂಲ. ಪ್ರತಿ ಮಗುವಿಗೂ ಒಂದು ನೋಟುಬುಕ್ಕು, ಪೆನ್ಸಿಲ್, ನೀರಿನ ಬಾಟಲಿ, ಟೊಪ್ಪಿಗೆ ಇರಲಿ. ದುರ್ಬೀನಿದ್ದರೆ ಮರೆಯದೆ ತನ್ನಿ. ನೋಟುಬುಕ್ಕಿನ ಮೊದಲ ಪುಟದಲ್ಲಿ ಪಶ್ಚಿಮ ಘಟ್ಟದಲ್ಲಿ ಹುಟ್ಟಿ ಬಾಗಲಕೋಟೆ ಜಿಲ್ಲೆಯಲ್ಲಿ ಕೃಷ್ಣೆಯನ್ನು ಸೇರುವ ಘಟಪ್ರಭೆಯ ನಕ್ಷೆಯನ್ನು ಮಕ್ಕಳೇ ಬರೆಯಲಿ. ನೋಡಿದ ಊರುಗಳನ್ನು ಅದರಲ್ಲೇ ಗುರುತಿಸುತ್ತ ಹೋಗಲಿ.

ಹಂತ 2: ಮೊದಲ ದಿನ ಬೆಳಿಗ್ಗೆ, ಘೋಡಗೇರಿ

ಚಂದ್ರಶೇಖರ ಕಂಬಾರರು 1937ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ. ಕಮ್ಮಾರಿಕೆಯ ಮನೆತನದ ಹುಡುಗ ಮುಂದೆ ಕನ್ನಡಕ್ಕೆ 2010ನೇ ಸಾಲಿನ ಜ್ಞಾನಪೀಠ ತಂದರು. ಇಲ್ಲಿ ಟಿಕೆಟ್ ಕೊಟ್ಟು ನೋಡುವ ಸ್ಮಾರಕ ಹುಡುಕಬೇಡಿ, ಊರನ್ನೇ ನೋಡಿ. ಬಾಲ್ಯದಲ್ಲಿ ಕೇಳಿದ ಹಾಡು, ಕತೆ, ಬಯಲಾಟಗಳೇ ಕಂಬಾರರ ನಾಟಕಗಳ ಬೇರು ಎಂಬುದನ್ನು ಮಕ್ಕಳಿಗೆ ಹೇಳಿ.

ಮಕ್ಕಳ ಕೆಲಸ: ಕಟ್ಟೆಯ ಮೇಲೆ ಕುಳಿತ ಹಿರಿಯರನ್ನು ಮಾತಾಡಿಸಿ, ‘ಅಜ್ಜಾ, ಒಂದು ಕತೆ ಹೇಳ್ರಿ’ ಎಂದು ಕೇಳುವುದು. ಕೇಳಿದ್ದರಲ್ಲಿ ಹೊಸದೆನಿಸಿದ ಐದು ಮಾತುಗಳನ್ನು ಬರೆದುಕೊಳ್ಳುವುದು. ಫೋಟೊ ತೆಗೆಯುವ ಮುನ್ನ ಅವರ ಒಪ್ಪಿಗೆ ಕೇಳಲು ಕಲಿಸಿ.

ಹಂತ 3: ಮಧ್ಯಾಹ್ನ, ಹಿಡಕಲ್ ಜಲಾಶಯ

ಘಟಪ್ರಭೆಗೆ ಹುಕ್ಕೇರಿ ತಾಲೂಕಿನಲ್ಲಿ ಕಟ್ಟಿದ ಈ ಅಣೆಕಟ್ಟಿಗೆ ರಾಜಾ ಲಖಮಗೌಡ ಸರದೇಸಾಯಿ ಅವರ ಹೆಸರಿದೆ. ಎತ್ತರ ಸುಮಾರು 62 ಮೀಟರ್, ಸಾಮರ್ಥ್ಯ 51 ಟಿಎಂಸಿ ಅಡಿ. ಮಕ್ಕಳ ಕುತೂಹಲ ಕೆರಳಿಸುವುದು ಹುನ್ನೂರಿನ ವಿಠ್ಠಲ ಗುಡಿ. ಜಲಾಶಯ ತುಂಬಿದಾಗ ಮುಳುಗಿರುವ ಈ ಕಲ್ಲಿನ ಗುಡಿ, ಬೇಸಿಗೆಯಲ್ಲಿ ನೀರು ಇಳಿದಾಗ ಮತ್ತೆ ಕಾಣಿಸಿಕೊಳ್ಳುತ್ತದೆ. ಚಳಿಗಾಲದಲ್ಲಿ ಹೋದವರು ‘ಈ ನೀರಿನಡಿ ಒಂದು ಗುಡಿಯಿದೆ’ ಎಂದು ಹೇಳಿ ನೋಡಿ, ಪ್ರಶ್ನೆಗಳು ತಾವಾಗಿಯೇ ಬರುತ್ತವೆ.

ಮಕ್ಕಳ ಕೆಲಸ: ಈ ನೀರು ಯಾವ ಊರುಗಳ ಹೊಲಕ್ಕೆ ಹೋಗುತ್ತದೆ, ಅಣೆಕಟ್ಟಿಗಾಗಿ ಊರು ಬಿಟ್ಟವರು ಯಾರು ಎಂದು ಕೇಳಿ ತಿಳಿಯುವುದು. ಅಣೆಕಟ್ಟಿನ ಮೇಲೆ ಹೋಗಲು ಅನುಮತಿ ಬೇಕೇ ಎಂದು ಮೊದಲೇ ವಿಚಾರಿಸಿ. ಹಿನ್ನೀರಿಗೆ ಮಕ್ಕಳನ್ನು ಇಳಿಸಬೇಡಿ.

ಹಂತ 4: ಸಂಜೆ, ಧೂಪದಾಳದ ಹಕ್ಕಿಗಳು

ಧೂಪದಾಳದ ಒಡ್ಡಿನ ಹಿಂದೆ ಹರಡಿದ ನೀರು, ನಡುಗಡ್ಡೆಗಳೇ ಘಟಪ್ರಭಾ ಪಕ್ಷಿಧಾಮ. ನವೆಂಬರ್‌ನಿಂದ ಮಾರ್ಚ್‌ವರೆಗೆ ಇಲ್ಲಿಗೆ ವಲಸೆ ಹಕ್ಕಿಗಳು ಬರುತ್ತವೆ. ಎರಡನ್ನು ಗುರುತಿಸಲು ಕಲಿಸಿದರೂ ಸಾಕು. ಬಿಳಿ ಮೈ, ರೆಕ್ಕೆಯಂಚಿಗೆ ಕಪ್ಪು, ಕೊಕ್ಕೂ ಕಾಲೂ ಕೆಂಪಾಗಿದ್ದರೆ ಅದು ಯುರೋಪಿನ ಬಿಳಿ ಕೊಕ್ಕರೆ. ಬೂದು ಮೈ, ಕಪ್ಪು ಕತ್ತು, ಕಣ್ಣಿನ ಹಿಂದೆ ಇಳಿಬಿದ್ದ ಬಿಳಿ ಗರಿ ಕಂಡರೆ ಡೆಮಾಯ್ಸಲ್ ಕ್ರೇನ್. ಯುರೋಪಿನ ಊರುಗಳಲ್ಲಿ ಮನೆಯ ಮಾಡಿನ ಮೇಲೆ ಗೂಡು ಕಟ್ಟುವ ಜಾತಿಯ ಕೊಕ್ಕರೆಯನ್ನು ನಮ್ಮ ಮಕ್ಕಳು ತಮ್ಮ ಜಿಲ್ಲೆಯಲ್ಲೇ ನೋಡಬಹುದು.

ಮಕ್ಕಳ ಕೆಲಸ: ಸದ್ದು ಮಾಡದೆ ಕಾಲು ಗಂಟೆ ಕೂತು, ಕಂಡ ಹಕ್ಕಿಯ ಕೊಕ್ಕು ಮತ್ತು ಕಾಲುಗಳನ್ನಷ್ಟೇ ಬಿಡಿಸುವುದು. ಕಡು ಬಣ್ಣದ ಅಂಗಿ ಬೇಡ. ಮುಂಜಾನೆಯೂ ಇದಕ್ಕೆ ಒಳ್ಳೆಯ ಹೊತ್ತು.

ಹಂತ 5: ಎರಡನೇ ದಿನ, ಗೋಕಾಕ ಜಲಪಾತ

ಪಟ್ಟಣದಿಂದ ಸುಮಾರು 6 ಕಿ.ಮೀ. ದೂರದಲ್ಲಿ, ಕುದುರೆ ಲಾಳದಾಕಾರದ ಮರಳುಗಲ್ಲಿನ ಅಂಚಿನಿಂದ ನದಿ ಸುಮಾರು 52 ಮೀಟರ್ ಕೆಳಕ್ಕೆ ಬೀಳುತ್ತದೆ. ಬೀಳುವ ಈ ನೀರಿನ ಬಲದಿಂದ 1880ರ ದಶಕದಲ್ಲೇ ಇಲ್ಲಿ ನೂಲಿನ ಗಿರಣಿಯ ಯಂತ್ರಗಳು ತಿರುಗಿದವು. ಪಕ್ಕದಲ್ಲೇ ಚಾಲುಕ್ಯ ಶೈಲಿಯ ಹಳೆಯ ಗುಡಿಗಳಿವೆ. ಒಂದೇ ಜಾಗದಲ್ಲಿ ಸಾವಿರ ವರ್ಷದ ಇತಿಹಾಸ ಹೇಳಲು ಇದಕ್ಕಿಂತ ಒಳ್ಳೆಯ ತಾಣ ಸಿಗದು.

ಮಕ್ಕಳ ಕೆಲಸ: ತೂಗುಸೇತುವೆ ತೆರೆದಿದ್ದರೆ ದೊಡ್ಡವರ ಕೈ ಹಿಡಿದು ದಾಟುತ್ತ ಹೆಜ್ಜೆ ಎಣಿಸುವುದು. ಸೇತುವೆಯ ಉದ್ದ ಸುಮಾರು 200 ಮೀಟರ್, ತಮ್ಮ ಒಂದು ಹೆಜ್ಜೆ ಎಷ್ಟು ಉದ್ದ ಎಂದು ಅವರೇ ಲೆಕ್ಕ ಹಾಕಲಿ. ಗುಡಿಯ ಕಂಬಗಳಲ್ಲಿ ಇಷ್ಟವಾದ ಒಂದು ಕೆತ್ತನೆ ಬಿಡಿಸಲಿ. ಬಂಡೆಯ ಅಂಚಿಗೆ ಹೋಗಿ ಸೆಲ್ಫಿ ತೆಗೆಯುವುದನ್ನು ದೊಡ್ಡವರೂ ಬಿಡಬೇಕು, ಮಕ್ಕಳು ನೋಡಿಯೇ ಕಲಿಯುತ್ತಾರೆ.

ಸಮಯ ಉಳಿದರೆ ಮಾರ್ಕಂಡೇಯ ನದಿಯ ಗೊಡಚಿನಮಲ್ಕಿ ಜಲಪಾತಕ್ಕೂ ಹೋಗಬಹುದು. ಅಲ್ಲಿ ನೀರು ಎರಡು ಹಂತಗಳಲ್ಲಿ ಬೀಳುತ್ತದೆ.

ಹಂತ 6: ಪೇಟೆ, ಆಟಿಕೆ, ಕರದಂಟು

ಗೋಕಾಕದ ಕುಶಲಕರ್ಮಿಗಳು ಹಗುರ ಮರ, ಮಣ್ಣಿನಿಂದ ಮಾಡುವ ಹಣ್ಣು, ತರಕಾರಿಗಳು ನಿಜವಾದವೋ ಎಂದು ಭ್ರಮೆ ಹುಟ್ಟಿಸುತ್ತವೆ. ಮಾಡುವವರು ಒಪ್ಪಿದರೆ ಬಣ್ಣ ಹಚ್ಚುವುದನ್ನು ಕೂತು ನೋಡಿ. ಚೌಕಾಸಿ ಮಾಡದೆ ಕೊಳ್ಳಿ, ಈ ಕಸುಬು ಉಳಿಯಬೇಕು.

ಕರದಂಟು ಮಾಡುವುದನ್ನು ನೋಡಲು ಸಿಕ್ಕರೆ ತಪ್ಪಿಸಬೇಡಿ. ಗಾಜಿನ ಚೂರಿನಂತಿದ್ದ ಅಂಟು ಕಾದ ತುಪ್ಪಕ್ಕೆ ಬಿದ್ದೊಡನೆ ಚಟಪಟ ಸದ್ದು ಮಾಡುತ್ತ ಅರಳಿ ಬೆಳ್ಳಗಾಗುತ್ತದೆ. ಬೆಲ್ಲದ ಪಾಕಕ್ಕೆ ಇದರೊಂದಿಗೆ ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬಾದಾಮಿ ಬೀಳುತ್ತವೆ. ಒಣಹಣ್ಣು, ಬೀಜಗಳ ಅಲರ್ಜಿ ಇರುವ ಮಕ್ಕಳಿದ್ದರೆ ಎಚ್ಚರ.

ಹಂತ 7: ಮನೆಗೆ ಬಂದ ಮೇಲೆ

ಶ್ರೀಕೃಷ್ಣ ಪಾರಿಜಾತ ಬಯಲಾಟವನ್ನು ಬೆಳೆಸಿದ ಕುಲಗೋಡ ತಮ್ಮಣ್ಣ ಈಗಿನ ಮೂಡಲಗಿ ತಾಲೂಕಿನ ಕುಲಗೋಡದವರು. ಪಾರಿಜಾತದ ಹೂವು ರುಕ್ಮಿಣಿಗೆ ಸಿಕ್ಕಿತೆಂದು ಸತ್ಯಭಾಮೆ ಮುನಿಸಿಕೊಳ್ಳುವ ಕತೆ ಅದು. ಕೃಷ್ಣ, ಭಾಮೆ, ನಾರದ, ದೂತಿ ಎಂದು ಪಾತ್ರ ಹಂಚಿ, ಮನೆಯ ಪಡಸಾಲೆಯಲ್ಲಿ ಮಕ್ಕಳಿಂದಲೇ ಆಡಿಸಿ. ಸುತ್ತಲಿನ ಜಾತ್ರೆಯಲ್ಲಿ ಪಾರಿಜಾತದ ಆಟವಿದ್ದರೆ ಒಂದು ರಾತ್ರಿ ಕರೆದೊಯ್ಯಿರಿ.

ದಿನಕ್ಕೆ ಮೂರು ಜಾಗಕ್ಕಿಂತ ಹೆಚ್ಚು ತುರುಕಬೇಡಿ. ಹಕ್ಕಿಯನ್ನು ನೋಡುತ್ತಲೇ ಮಗು ಅರ್ಧ ಗಂಟೆ ಕಳೆದರೆ ಮುಂದಿನ ಜಾಗ ಬಿಟ್ಟುಹೋದರೂ ನಷ್ಟವಿಲ್ಲ. ತಿಂದ ಪೊಟ್ಟಣ, ಬಾಟಲಿಗಳನ್ನು ಚೀಲದಲ್ಲಿ ಹಾಕಿಕೊಂಡು ಮರಳಿ ತನ್ನಿ. ತಾನು ಕುಡಿಯುವ ನೀರಿನ ನದಿ ಯಾವುದು, ಅದರ ದಂಡೆಯಲ್ಲಿ ಯಾರು ಬಾಳಿದರು ಎಂಬುದು ಪ್ರತಿ ಮಗುವಿಗೂ ಗೊತ್ತಿರಬೇಕು. ಅದನ್ನು ತೋರಿಸುವ ಹೊಣೆ ತಂದೆ ತಾಯಿಯರದು. ಬರುವ ರಜೆಗೇ ಶುರು ಮಾಡಿ.